ಸೇಂಟ್ ಮೊರಿಟ್ಜ್‌ ಸರೋವರದ ಮೇಲೆ ಯುವ ಸ್ಕೇಟರ್‌ಗಳ ಓಟ ಏಕೆ ನಿಧಾನವಾಯಿತು?

ಪ್ರಶ್ನೆ

ಚಳಿಗಾಲದ ಯುವ ಒಲಿಂಪಿಕ್ಸ್‌ನ ಸ್ಪೀಡ್ ಸ್ಕೇಟಿಂಗ್ ಫಲಿತಾಂಶಗಳನ್ನು ಕೂಟದಿಂದ ಕೂಟಕ್ಕೆ ಹೋಲಿಸಿ ನೋಡುತ್ತಿದ್ದಾಗ ಹುಟ್ಟಿದ ಸಂದೇಹವೊಂದನ್ನು ಬಲ್ಲವರ ಮುಂದಿಡುತ್ತಿದ್ದೇನೆ. 2016ರ ಲಿಲ್ಲೆಹಾಮರ್ ಕೂಟದ ಓಟಗಳು ನಾರ್ವೆಯ ಹಾಮಾರ್‌ನಲ್ಲಿರುವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದವು. 2020ರ ಲೂಸಾನ್ ಕೂಟದ ಓಟಗಳು ನಡೆದದ್ದು ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನಲ್ಲಿ, ಹೆಪ್ಪುಗಟ್ಟಿದ ಸರೋವರದ ಮೇಲೆ ಸಿದ್ಧಪಡಿಸಿದ 400 ಮೀಟರ್ ಟ್ರ್ಯಾಕ್‌ನಲ್ಲಿ. ಎತ್ತರದ ಊರುಗಳಲ್ಲಿ ಗಾಳಿ ತೆಳುವಾಗಿರುವುದರಿಂದ ಸ್ಕೇಟರ್‌ಗಳ ವೇಗ ಹೆಚ್ಚುತ್ತದೆ ಎಂದೂ, ವಿಶ್ವದಾಖಲೆಗಳಲ್ಲಿ ಬಹುಪಾಲು ಸಾಲ್ಟ್ ಲೇಕ್ ಸಿಟಿ ಮತ್ತು ಕ್ಯಾಲ್ಗರಿಯಲ್ಲೇ ಮೂಡಿರುವುದಕ್ಕೆ ಅದೇ ಕಾರಣವೆಂದೂ ಓದಿದ್ದೇನೆ. ಸೇಂಟ್ ಮೊರಿಟ್ಜ್‌ನ ಸರೋವರ ಸಮುದ್ರ ಮಟ್ಟದಿಂದ ಸುಮಾರು 1,770 ಮೀಟರ್ ಎತ್ತರದಲ್ಲಿದೆ, ಅಂದರೆ ಆ ಎರಡೂ ಕ್ರೀಡಾಂಗಣಗಳಿಗಿಂತ ಎತ್ತರದಲ್ಲಿದೆ. ಆದರೂ ಅಲ್ಲಿನ ಓಟಗಳು ಹಾಮಾರ್‌ನ ಓಟಗಳಿಗಿಂತ ನಿಧಾನವಾದದ್ದೇಕೆ? ಹೀಗಿರುವಾಗ ಹದಿನಾರು, ಹದಿನೇಳರ ವಯಸ್ಸಿನ ಸ್ಪರ್ಧಿಯೊಬ್ಬರ ಸಾಮರ್ಥ್ಯವನ್ನು ಅವರ ಸಮಯ ನೋಡಿ ಅಳೆಯಬಹುದೇ?

ಮೊದಲ ಉತ್ತರ

ಎತ್ತರದ ಬಗ್ಗೆ ನೀವು ಓದಿರುವುದು ಸರಿಯಾಗಿಯೇ ಇದೆ; ಆದರೆ ಆ ಲಾಭ ಪೂರ್ತಿಯಾಗಿ ದಕ್ಕುವುದು ಬೆಚ್ಚಗಿನ ಒಳಾಂಗಣದಲ್ಲಿ ಮಾತ್ರ. 1,770 ಮೀಟರ್ ಎತ್ತರದಲ್ಲಿ ವಾಯುವಿನ ಒತ್ತಡ ಸಮುದ್ರ ಮಟ್ಟಕ್ಕಿಂತ ಸುಮಾರು 19 ಶೇಕಡಾ ಕಡಿಮೆ ಇರುತ್ತದೆ. ತಣ್ಣನೆಯ ಗಾಳಿ ಬೆಚ್ಚನೆಯ ಗಾಳಿಗಿಂತ ಸಾಂದ್ರವಾಗಿರುವುದರಿಂದ, ಮೈನಸ್ 10 ಡಿಗ್ರಿ ಚಳಿಯ ಬಯಲಿನಲ್ಲಿ ಓಡುವವರಿಗೆ ಈ ಲಾಭದ ಒಂದು ಪಾಲು ಅಲ್ಲೇ ಕರಗಿಹೋಗುತ್ತದೆ. ಸಮುದ್ರ ಮಟ್ಟದಲ್ಲಿರುವ 15 ಡಿಗ್ರಿಯ ಒಳಾಂಗಣಕ್ಕೆ ಹೋಲಿಸಿ ಲೆಕ್ಕ ಹಾಕಿದರೆ, ಗಾಳಿಯ ಸಾಂದ್ರತೆಯಲ್ಲಿ ಉಳಿಯುವ ಇಳಿಕೆ ಸುಮಾರು 12 ಶೇಕಡಾ ಮಾತ್ರ.

ಇನ್ನುಳಿದದ್ದನ್ನು ಬೀಸುವ ಗಾಳಿ ಕಸಿದುಕೊಳ್ಳಬಲ್ಲದು. ಟ್ರ್ಯಾಕ್ ವೃತ್ತಾಕಾರವಾಗಿ ಸುತ್ತಿ ಬರುವುದರಿಂದ ಎದುರುಗಾಳಿಯಲ್ಲಿ ಕಳೆದುಕೊಂಡದ್ದನ್ನು ಹಿಂಗಾಳಿಯಲ್ಲಿ ಮರಳಿ ಪಡೆಯುತ್ತಾರೆ ಎಂದು ಮೇಲ್ನೋಟಕ್ಕೆ ಅನಿಸುತ್ತದೆ, ಆದರೆ ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಲೆಕ್ಕ ಹಾಗೆ ಸರಿದೂಗುವುದಿಲ್ಲ. ಸೆಕೆಂಡಿಗೆ 14 ಮೀಟರ್ ವೇಗದಲ್ಲಿ ಸಾಗುವ ಸ್ಕೇಟರ್‌ಗೆ ಗಾಳಿಯಿಲ್ಲದ ದಿನ ತಗಲುವ ಪ್ರತಿರೋಧವನ್ನು 196 (14 × 14) ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 3 ಮೀಟರ್ ಗಾಳಿ ಬೀಸಿದರೆ ಅದು ಎದುರಾದ ನೇರ ಹಾದಿಯಲ್ಲಿ 289, ಬೆನ್ನಿಗಿದ್ದ ನೇರ ಹಾದಿಯಲ್ಲಿ 121 ಆಗುತ್ತದೆ. ಎರಡರ ಸರಾಸರಿ 205. ಇದಲ್ಲದೆ ಎದುರುಗಾಳಿಯಲ್ಲಿ ವೇಗ ತಗ್ಗುವುದರಿಂದ ಸ್ಕೇಟರ್ ಆ ಕಷ್ಟದ ಭಾಗದಲ್ಲೇ ಹೆಚ್ಚು ಹೊತ್ತು ಇರಬೇಕಾಗುತ್ತದೆ.

ಮಂಜುಗಡ್ಡೆಯ ಗುಣವನ್ನೂ ಮರೆಯುವಂತಿಲ್ಲ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಕಾರಣ ಅದೇ ಇರಬೇಕು. ಒಳಾಂಗಣದಲ್ಲಿ ಶುದ್ಧೀಕರಿಸಿದ ನೀರನ್ನು ತೆಳ್ಳಗೆ ಪದರ ಪದರವಾಗಿ ಹರಿಸಿ, ಅಡಿಯಲ್ಲಿರುವ ಶೀತಕ ಕೊಳವೆಗಳಿಂದ ಮೇಲ್ಮೈಯ ಉಷ್ಣತೆಯನ್ನು ಸ್ಕೇಟಿಂಗ್‌ಗೆ ಹೊಂದುವ ಮಟ್ಟದಲ್ಲೇ ಕಾಯ್ದಿಡುತ್ತಾರೆ. ಮಂಜುಗಡ್ಡೆ ತೀರ ಮೆತ್ತಗಾದರೆ ಬ್ಲೇಡ್ ಒಳಗೆ ಕಚ್ಚುತ್ತದೆ, ತೀರ ತಣ್ಣಗಾದರೆ ಘರ್ಷಣೆ ಏರುತ್ತದೆ. ಸರೋವರದ ಮೇಲೆ ಈ ಹಿಡಿತ ಯಾರ ಕೈಯಲ್ಲೂ ಇರುವುದಿಲ್ಲ. ರಾತ್ರಿಯ ಚಳಿ, ಹಗಲಿನ ಬಿಸಿಲು, ಬೀಳುವ ಹಿಮ, ಸಣ್ಣ ಬಿರುಕು ಎಲ್ಲವೂ ಮಿಲಿಮೀಟರ್‌ಗಿಂತ ತುಸುವೇ ದಪ್ಪವಿರುವ ಬ್ಲೇಡಿನ ಅಂಚಿಗೆ ತಾಕುತ್ತವೆ.

ಎರಡನೆಯ ಉತ್ತರ

ಮೇಲಿನ ವಿವರಣೆಯನ್ನು ಒಪ್ಪುತ್ತಲೇ, ಅದರಿಂದ ಹೊರಡುವ ಇನ್ನೊಂದು ಮಾತನ್ನು ಸೇರಿಸಬೇಕೆನಿಸುತ್ತದೆ. 500 ಮತ್ತು 1500 ಮೀಟರ್ ಓಟಗಳಲ್ಲಿ ಸ್ಪರ್ಧಿಗಳು ಇಬ್ಬಿಬ್ಬರಾಗಿ ಓಡುತ್ತಾರೆ, ಅಂತಿಮ ಸ್ಥಾನ ಮಾತ್ರ ಎಲ್ಲರ ಸಮಯವನ್ನೂ ಒಟ್ಟಿಗೆ ಹೋಲಿಸಿ ನಿರ್ಧಾರವಾಗುತ್ತದೆ. ಮೊದಲ ಜೋಡಿಗೆ ಸಿಕ್ಕ ಗಾಳಿ ಹತ್ತನೆಯ ಜೋಡಿಗೆ ಸಿಗದಿದ್ದರೆ ಅದು ಟ್ರ್ಯಾಕ್‌ಗಳ ನಡುವಿನ ವ್ಯತ್ಯಾಸವಲ್ಲ, ಪದಕದ ನ್ಯಾಯವನ್ನೇ ಮುಟ್ಟುವ ವ್ಯತ್ಯಾಸ. 1928ರ ಒಲಿಂಪಿಕ್ಸ್‌ನಲ್ಲಿ, ಇದೇ ಸೇಂಟ್ ಮೊರಿಟ್ಜ್‌ನಲ್ಲಿ, ಮಂಜುಗಡ್ಡೆ ಕರಗತೊಡಗಿದ್ದರಿಂದ 10,000 ಮೀಟರ್ ಓಟವನ್ನು ಅರ್ಧಕ್ಕೇ ರದ್ದುಪಡಿಸಬೇಕಾಯಿತು. ಹಿರಿಯರ ಒಲಿಂಪಿಕ್ಸ್‌ನ ಸ್ಪೀಡ್ ಸ್ಕೇಟಿಂಗ್ ಬಯಲಿನಲ್ಲಿ ನಡೆದದ್ದು 1992ರಲ್ಲಿ, ಆಲ್ಬರ್ಟ್‌ವಿಲ್ ಕೂಟದಲ್ಲೇ ಕೊನೆ. ಹಿರಿಯರಿಗೆ ಬೇಡವೆಂದು ಕೈಬಿಟ್ಟ ಅನಿಶ್ಚಿತತೆಗೆ, ಜೀವನದಲ್ಲಿ ಬಹುಶಃ ಒಂದೇ ಬಾರಿ ಇಂಥ ಅವಕಾಶ ಸಿಗುವ ಹದಿಹರೆಯದವರನ್ನು ಒಡ್ಡಿದ್ದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಚಳಿಯೇ ಎತ್ತರದ ಲಾಭವನ್ನು ತಿನ್ನುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಎಲ್ಲರೂ ಒಟ್ಟಿಗೆ ಹೊರಡುವ ಮಾಸ್ ಸ್ಟಾರ್ಟ್‌ಗೂ ಈ ಆಕ್ಷೇಪ ಅನ್ವಯಿಸುತ್ತದೆಯೇ?

ಮೂರನೆಯ ಉತ್ತರ

ಅನ್ವಯಿಸುವುದಿಲ್ಲ, ಮತ್ತು ಈ ಕಾರಣಕ್ಕೇ ಮಾಸ್ ಸ್ಟಾರ್ಟ್ ಯುವ ಒಲಿಂಪಿಕ್ಸ್‌ಗೆ ಚೆನ್ನಾಗಿ ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹಿರಿಯರ ಒಲಿಂಪಿಕ್ಸ್‌ಗೆ ಅದು ಬಂದದ್ದು 2018ರಲ್ಲಿ, ಯುವ ಒಲಿಂಪಿಕ್ಸ್‌ನಲ್ಲಿ 2012ರ ಇನ್ಸ್‌ಬ್ರಕ್ ಕೂಟದಲ್ಲೇ ಇತ್ತು. ಗಾಳಿ ಎಷ್ಟೇ ಬೀಸಲಿ, ಮಂಜುಗಡ್ಡೆ ಹೇಗೇ ಇರಲಿ, ಅದು ಎಲ್ಲರಿಗೂ ಒಂದೇ. ಎದುರುಗಾಳಿ ಹೆಚ್ಚಾದಷ್ಟೂ ಮುಂದಿರುವವರ ಶ್ರಮ ಹೆಚ್ಚುತ್ತದೆ, ಅವರ ಬೆನ್ನಿಗೆ ಅಂಟಿಕೊಂಡು ಓಡುವವರಿಗೆ ಉಳಿತಾಯವೂ ಹೆಚ್ಚುತ್ತದೆ. ಹಾಗಾಗಿ ಯಾವ ಸುತ್ತಿನಲ್ಲಿ ಮುನ್ನುಗ್ಗಬೇಕೆಂಬ ತೀರ್ಮಾನದ ತೂಕ ಬಯಲಿನಲ್ಲಿ ಇನ್ನೂ ಹೆಚ್ಚಾಗುತ್ತದೆ.

ಎರಡನೆಯ ಉತ್ತರದ ಆಕ್ಷೇಪವನ್ನು ಜೋಡಿ ಓಟಗಳ ಮಟ್ಟಿಗೆ ಒಪ್ಪುತ್ತೇನೆ. ಆದರೆ ಕೆಲವೇ ದಿನಗಳ ಕೂಟಕ್ಕಾಗಿ ಹೊಸದಾಗಿ ಒಂದು ಒಳಾಂಗಣ ಓವಲ್ ಕಟ್ಟಿ ಆಮೇಲೆ ಅದನ್ನು ಪಾಳು ಬಿಡುವುದಕ್ಕಿಂತ, ಪ್ರತಿ ಚಳಿಗಾಲದಲ್ಲಿ ತಾನಾಗಿ ಹೆಪ್ಪುಗಟ್ಟುವ ಸರೋವರವನ್ನು ಬಳಸುವುದು ಮೇಲೆಂದು ನನಗೆ ತೋರುತ್ತದೆ.

ಇನ್ನು ಸಮಯದಿಂದ ಸಾಮರ್ಥ್ಯವನ್ನು ಅಳೆಯುವ ಪ್ರಶ್ನೆ. ಇನ್ಸ್‌ಬ್ರಕ್‌ನಲ್ಲಿ ಬಯಲಿನ ಕೃತಕ ಮಂಜುಗಡ್ಡೆ, ಹಾಮಾರ್‌ನಲ್ಲಿ ಒಳಾಂಗಣ, ಸೇಂಟ್ ಮೊರಿಟ್ಜ್‌ನಲ್ಲಿ ಸರೋವರ, 2024ರಲ್ಲಿ ದಕ್ಷಿಣ ಕೊರಿಯಾದ ಗಂಗ್‌ನುಂಗ್‌ನಲ್ಲಿ ಮತ್ತೆ ಒಳಾಂಗಣ. ನಾಲ್ಕು ಕೂಟಗಳ ಸಮಯಗಳನ್ನು ಒಂದೇ ಪಟ್ಟಿಯಲ್ಲಿ ಜೋಡಿಸಿದರೆ ನಾವು ಹೋಲಿಸುವುದು ಸ್ಕೇಟರ್‌ಗಳನ್ನಲ್ಲ, ಟ್ರ್ಯಾಕ್‌ಗಳನ್ನು. ನಾನು ನೋಡುವುದು ಒಂದೇ ದಿನ, ಒಂದೇ ಟ್ರ್ಯಾಕ್‌ನಲ್ಲಿ ಗೆದ್ದವರಿಗೂ ಉಳಿದವರಿಗೂ ಇದ್ದ ಅಂತರವನ್ನು, ಜೊತೆಗೆ ಅದೇ ಸ್ಪರ್ಧಿ ಬೇರೆ ಬಗೆಯ ಓಟದಲ್ಲಿ ಹೇಗೆ ಓಡಿದರೆಂಬುದನ್ನು. ಹಾಮಾರ್‌ನಲ್ಲಿ ಕೊರಿಯಾದ ಕಿಮ್ ಮಿನ್‌ಸೋಕ್ 1500 ಮೀಟರ್ ಓಟವನ್ನೂ ಮಾಸ್ ಸ್ಟಾರ್ಟನ್ನೂ ಗೆದ್ದಿದ್ದರು; ಒಂದಕ್ಕೆ ಒಂಟಿಯಾಗಿ ಲಯ ಕಾಯ್ದುಕೊಳ್ಳುವ ಶಕ್ತಿ ಬೇಕು, ಇನ್ನೊಂದಕ್ಕೆ ಗುಂಪಿನ ನಡುವೆ ಸಮಯ ಸಾಧಿಸುವ ಬುದ್ಧಿ ಬೇಕು. ಅವರು 2018ರ ಪ್ಯೊಂಗ್‌ಚಾಂಗ್ ಮತ್ತು 2022ರ ಬೀಜಿಂಗ್ ಒಲಿಂಪಿಕ್ಸ್‌ಗಳೆರಡರಲ್ಲೂ 1500 ಮೀಟರ್‌ನ ಕಂಚು ಗೆದ್ದರು. 2020ರ ಫಲಿತಾಂಶಗಳನ್ನೂ ಇದೇ ರೀತಿ ಓದಿ ನೋಡಿ: ಮೊದಲು 1500 ಮೀಟರ್‌ನಲ್ಲಿ ಮೊದಲ ಐವರ ನಡುವಿನ ಅಂತರ, ಆಮೇಲೆ ಆ ಐವರು ಮಾಸ್ ಸ್ಟಾರ್ಟ್‌ನಲ್ಲಿ ಪಡೆದ ಸ್ಥಾನ.