‘ಬಿಡಲಾಗುವುದಿಲ್ಲ’ ಎಂದರೆ ಬಿಡುವುದಿಲ್ಲವೋ, ಬಿಡಲು ಆಗುವುದಿಲ್ಲವೋ?

ಗೆಳೆಯರೇ,

ನಮ್ಮ ವಸತಿ ಸಮುಚ್ಚಯದ ಸೂಚನಾ ಫಲಕ ಬರೆಯುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂದಿದೆ. ಹೋದ ವಾರ ‘ಭಾನುವಾರ ಬೆಳಿಗ್ಗೆ ನೀರು ಬಿಡಲಾಗುವುದಿಲ್ಲ’ ಎಂದು ಬರೆದೆ. ಕೆಳಮನೆಯ ಅಜ್ಜಿ ಓದಿ, ‘ಯಾಕಪ್ಪಾ, ಮೋಟಾರು ಕೆಟ್ಟಿದೆಯೇ?’ ಎಂದರು. ಮೋಟಾರು ಚೆನ್ನಾಗಿಯೇ ಇತ್ತು. ತೊಟ್ಟಿ ತೊಳೆಸುವುದಿತ್ತು, ಅಷ್ಟೆ. ತಪ್ಪು ಅಜ್ಜಿಯದಲ್ಲ ಎಂದು ಆಮೇಲೆ ಹೊಳೆಯಿತು.

‘ಪ್ರಶಸ್ತಿ ನೀಡಲಾಯಿತು’ ಎಂಬಲ್ಲಿ ‘-ಲಾಗು’ ಕೊಟ್ಟವರನ್ನು ಮರೆಯಲ್ಲಿಡುತ್ತದೆ. ‘ನನಗೆ ಬರಲಾಗುವುದಿಲ್ಲ’ ಎಂಬಲ್ಲಿ ಅದೇ ರೂಪ ಅಸಾಧ್ಯವನ್ನು ಹೇಳುತ್ತದೆ. ನಿಷೇಧದಲ್ಲಿ, ಅಂದರೆ ‘ಇಲ್ಲ’ ಎನ್ನುವ ವಾಕ್ಯಗಳಲ್ಲಿ, ಎರಡೂ ಒಂದರ ಮೇಲೊಂದು ಕೂರುತ್ತವೆ. ‘ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಲಾಗಲಿಲ್ಲ’ ಎಂದರೆ ಯಾರೂ ಸೇರಿಸಲಿಲ್ಲವೋ, ಸೇರಿಸುವಷ್ಟರಲ್ಲಿ ಕೈಮೀರಿತೋ? ಬರೆದವರನ್ನೇ ಕೇಳಬೇಕು. ‘ಇಂದ’ ಹಚ್ಚಿದರೂ ಗಂಟು ಬಿಚ್ಚುವುದಿಲ್ಲ. ‘ಸಮಿತಿಯಿಂದ ವರದಿ ಸಲ್ಲಿಸಲಾಗಲಿಲ್ಲ’ ಎಂಬುದೂ ಅಷ್ಟೇ ಮಸುಕು, ಏಕೆಂದರೆ ‘ನನ್ನಿಂದ ಆಗುವುದಿಲ್ಲ’ ಎಂದು ಕೈಚೆಲ್ಲುವಾಗಲೂ ನಾವು ಬಳಸುವುದು ಅದೇ ‘ಇಂದ’. ಶಾಲೆಯ ಕರ್ಮಣಿ ಪ್ರಯೋಗ ನೆನೆದು ‘ನೀರು ಬಿಡಲ್ಪಡುವುದಿಲ್ಲ’ ಎಂದು ಬರೆಯಬಹುದು. ಗೊಂದಲ ಹೋಗುತ್ತದೆ, ಜೊತೆಗೆ ಓದುವವರೂ ಹೋಗುತ್ತಾರೆ.

ನನಗನಿಸುವಂತೆ, ನಿಷೇಧದಲ್ಲಿ ‘-ಲಾಗು’ವಿನ ಅಗತ್ಯವೇ ಇಲ್ಲ. ‘ಕೊಡುತ್ತೇವೆ’ ಎಂದರೆ ‘ನಾವು’ ಕ್ರಿಯಾಪದದಲ್ಲೇ ಇಣುಕುತ್ತದೆ. ‘ಕೊಡುವುದಿಲ್ಲ’ದಲ್ಲಿ ನಾನು, ನೀವು, ಅವರು ಎಂಬ ಯಾವ ಗುರುತೂ ಇಲ್ಲ. ಕಿರಾಣಿ ಅಂಗಡಿಯ ‘ಸಾಲ ಕೊಡುವುದಿಲ್ಲ’ ಹಲಗೆ ಕರ್ತೃವನ್ನು ಹೆಸರಿಸದೆಯೇ ಸ್ಪಷ್ಟವಾಗಿದೆ. ಮರೆಮಾಡುವ ಕೆಲಸವನ್ನು ಭಾಷೆ ತಾನೇ ಮಾಡಿಕೊಟ್ಟಿರುವಾಗ ಮೇಲೊಂದು ಮುಸುಕು ಏಕೆ?

ಆದರೆ ನಮ್ಮ ಕಾರ್ಯದರ್ಶಿಗಳಿಗೆ ‘ಬಿಡುವುದಿಲ್ಲ’ ಎಂಬುದು ಹಟದ ಮಾತಿನಂತೆ ಕೇಳಿಸಿತು. ಕೊನೆಗೆ ‘ನೀರು ಬರುವುದಿಲ್ಲ, ತೊಟ್ಟಿ ತೊಳೆಸುತ್ತಿದ್ದೇವೆ’ ಎಂದು ತಿದ್ದಿದೆ. ಅಜ್ಜಿ ಹಿಂದಿನ ರಾತ್ರಿಯೇ ಎರಡು ಕೊಡ ತುಂಬಿಸಿಟ್ಟುಕೊಂಡರು.

ಬಿಡು–ಬರು ಎಂಬಂಥ ಜೋಡಿ ಎಲ್ಲ ಕ್ರಿಯಾಪದಗಳಿಗೂ ಸಿಗುವುದಿಲ್ಲವಲ್ಲ. ‘ತಡವಾಗಿ ಬಂದ ಅರ್ಜಿಗಳನ್ನು ಸ್ವೀಕರಿಸಲಾಗುವುದಿಲ್ಲ’ ಎಂಬುದನ್ನು ನೀವು ಹೇಗೆ ಬರೆಯುತ್ತೀರಿ? ಬರಿಯ ‘ಸ್ವೀಕರಿಸುವುದಿಲ್ಲ’ ನಿಮ್ಮ ಕಿವಿಗೂ ಒರಟೇ? ಇನ್ನೊಂದು ಪ್ರಶ್ನೆ, ಕರಾವಳಿ ಮತ್ತು ಧಾರವಾಡದ ಕಡೆಯವರಿಗೆ: ಅಸಾಧ್ಯವನ್ನು ಹೇಳಲು ನಿಮ್ಮಲ್ಲಿ ‘ಬಿಡಲಿಕ್ಕೆ ಆಗುವುದಿಲ್ಲ’ ಎಂಬ ಬೇರೆ ರೂಪವೇ ಬಳಕೆಯಲ್ಲಿದೆ. ನನ್ನ ಮೊದಲ ಫಲಕವನ್ನು ಓದಿದ್ದರೆ ನೀವೂ ಮೋಟಾರಿನ ಬಗ್ಗೆ ಕೇಳುತ್ತಿದ್ದಿರಾ?