ಬಫರಿಂಗ್‌ಗೆ ‘ತಡವರಿಸು’ ಅನ್ನಬಹುದೇ?

ಗೆಳೆಯರೇ,

ದೊಡ್ಡ ಪಂದ್ಯವನ್ನೋ ರಾಕೆಟ್ ಉಡಾವಣೆಯನ್ನೋ ಕೋಟಿಗಟ್ಟಲೆ ಜನ ಇಂಟರ್ನೆಟ್‌ನಲ್ಲಿ ಒಟ್ಟಿಗೇ ನೋಡಲು ಕೂತರೆ ಜಾಲದ ಗತಿ ಏನಾಗುತ್ತದೆ? ಇದರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ವಿಷಯ ಅಷ್ಟೇನೂ ಕಾಡಲಿಲ್ಲ. ಪದಗಳು ಕಾಡುತ್ತಿವೆ. ಮುಖ್ಯವಾಗಿ ನಿಮ್ಮನ್ನು ಕೇಳಬೇಕಿರುವುದು ‘ಬಫರಿಂಗ್’, ಅಂದರೆ ವಿಡಿಯೋ ನಡುವೆ ನಿಂತು ಚಕ್ರ ಸುತ್ತುವುದರ ಬಗ್ಗೆ. ಆದರೆ ಅದರ ಅಕ್ಕಪಕ್ಕದ ಪದಗಳೂ ಸ್ವಲ್ಪ ಗೋಜಲಾಗಿವೆ. ಮೊದಲು ಅವನ್ನು ನೋಡೋಣ.

‘ನೇರಪ್ರಸಾರ’ ರೇಡಿಯೋ, ಟಿವಿಯಿಂದ ಬಂದ ಪದ. ಪ್ರಸಾರ ಅಂದರೆ ಹರಡುವುದು. ಗೋಪುರದಿಂದ ಅಲೆ ಒಂದು ಸಲ ಹೊರಟರೆ ಮುಗಿಯಿತು. ಅದನ್ನು ಹತ್ತು ಮನೆಯವರು ಹಿಡಿದರೂ ಅಷ್ಟೇ, ಹತ್ತು ಲಕ್ಷ ಮನೆಯವರು ಹಿಡಿದರೂ ಅಷ್ಟೇ. ಗೋಪುರಕ್ಕೆ ಒಂದಿಷ್ಟೂ ಕೆಲಸ ಜಾಸ್ತಿ ಆಗುವುದಿಲ್ಲ. ಇಲ್ಲೊಂದು ತಮಾಷೆ ಇದೆ. ಇಂಗ್ಲಿಷಿನ ‘ಬ್ರಾಡ್‌ಕಾಸ್ಟ್’ ಮೊದಲು ಹೊಲದಲ್ಲಿ ಬೀಜ ಎರಚುವುದಕ್ಕಿದ್ದ ಪದ. ನಮ್ಮ ‘ಬಿತ್ತರಿಸು’ ಕೇಳಿದರೆ ಅದೂ ಬಿತ್ತುವುದರಿಂದಲೇ ಹುಟ್ಟಿರಬೇಕು ಅನ್ನಿಸುತ್ತದೆ. ಅಲ್ಲ, ಅದು ಸಂಸ್ಕೃತದ ‘ವಿಸ್ತರ’ದ ತದ್ಭವ. ಹೋಲಿಕೆ ಸುಮ್ನೆ ಕಾಕತಾಳೀಯ.

ಇಂಟರ್ನೆಟ್‌ನಲ್ಲಿ ನಡೆಯುವುದು ಬೇರೆಯೇ. ಅಲ್ಲಿ ಯಾವುದೂ ತಾನಾಗಿ ಹರಡುವುದಿಲ್ಲ. ನೋಡುವ ಪ್ರತಿಯೊಂದು ಫೋನೂ ಸರ್ವರ್‌ನಿಂದ ತನ್ನದೇ ಆದ ಒಂದು ಪ್ರತಿಯನ್ನು ಕೇಳಿ ತರಿಸಿಕೊಳ್ಳುತ್ತದೆ. ಒಳ್ಳೆಯ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಬೇಕು ಅಂತಿಟ್ಟುಕೊಳ್ಳಿ. 1 ಕೋಟಿ ಜನ ನೋಡಿದರೆ ಸೆಕೆಂಡಿಗೆ 50 ಟೆರಾಬಿಟ್, ಅಂದರೆ 5 ಕೋಟಿ ಮೆಗಾಬಿಟ್ ಆಯಿತು. ಎಲ್ಲರ ಕಣ್ಣೂ ಒಂದೇ ಚೆಂಡಿನ ಮೇಲೆ, ಜಾಲದಲ್ಲಿ ಸಾಗುವುದು ಮಾತ್ರ 1 ಕೋಟಿ ಪ್ರತಿ. ಜಾಲ ಏದುಸಿರು ಬಿಡುವುದಕ್ಕೆ ಮೂಲ ಕಾರಣ ಇದೇ. ‘ಪ್ರಸಾರ’ ಅನ್ನುವ ಪದ ಇದನ್ನು ಮುಚ್ಚಿಡುತ್ತದೆ.

ಈ ವ್ಯತ್ಯಾಸ ಹೇಳಲು ಯೂನಿಕಾಸ್ಟ್, ಮಲ್ಟಿಕಾಸ್ಟ್, ಬ್ರಾಡ್‌ಕಾಸ್ಟ್ ಅನ್ನುವ ಮೂರು ಪದಗಳಿವೆ. ‘ಏಕಪ್ರಸಾರ, ಬಹುಪ್ರಸಾರ’ ಅಂತ ಬರೆದರೆ ಓದುಗರು ಅಲ್ಲೇ ಪುಟ ಮುಚ್ಚುತ್ತಾರೆ. ನಾನು ‘ಒಬ್ಬರಿಗೊಂದು, ಗುಂಪಿಗೊಂದು, ಎಲ್ಲರಿಗೊಂದು’ ಅಂತ ಬರೆದಿದ್ದೇನೆ. ಗುಂಪಿಗೊಂದು ಕಳಿಸುವ ಪದ್ಧತಿಯನ್ನು ಇಂಟರ್ನೆಟ್‌ಗೆ ಅಂತಲೇ 1989ರಲ್ಲಿ ಬರೆದಿಟ್ಟಿದ್ದಾರೆ. ದಾರಿ ಕವಲಾಗುವ ಕಡೆ ಮಾತ್ರ ರೌಟರ್ (ಜಾಲದಲ್ಲಿ ದಾರಿ ತೋರಿಸುವ ಪೆಟ್ಟಿಗೆ) ಪ್ರತಿ ಮಾಡಿದರೆ ಸಾಕು ಅನ್ನುವುದು ಅದರ ಲೆಕ್ಕ. ಒಂದೇ ಕಂಪನಿಯ ಜಾಲದೊಳಗೆ, ಉದಾಹರಣೆಗೆ ಇಂಟರ್ನೆಟ್ ಕಂಪನಿ ತನ್ನ ಜಾಲದಲ್ಲೇ ಕೊಡುವ ಟಿವಿಯಲ್ಲಿ (ಐಪಿಟಿವಿ), ಅದು ಚೆನ್ನಾಗಿ ನಡೆಯುತ್ತದೆ. ಬೇರೆ ಬೇರೆಯವರ ಜಾಲಗಳನ್ನು ದಾಟಿ ಹೋಗುವ ಬಯಲು ಇಂಟರ್ನೆಟ್‌ನಲ್ಲಿ ಮಾತ್ರ ಅದು ಬೇರೂರಲಿಲ್ಲ. ಬದಲಿಗೆ ನೋಡುಗರ ಹತ್ತಿರದ ಸರ್ವರ್‌ಗಳಲ್ಲೇ ಪ್ರತಿ ಇಟ್ಟು ಅಲ್ಲಿಂದ ಹಂಚುವ ಸಿಡಿಎನ್ ಬಂತು. ಇದರಿಂದ ದೂರದ ಹಾದಿಗಳ ಹೊರೆ ತುಂಬಾ ಇಳಿಯಿತು. ಆದರೆ ಆ ಸರ್ವರ್‌ನಿಂದ ಈಚೆಗೆ ಮತ್ತೆ ಒಬ್ಬರಿಗೊಂದೇ.

ಹಾಗಂತ ‘ನೇರಪ್ರಸಾರ’ ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಜನರ ಬಾಯಲ್ಲಿ ನಿಂತ ಪದ ಅದು. ‘ಲೈವ್’ ಕೂಡ ಹಾಗೇ. ತಂತ್ರವನ್ನು ವಿವರಿಸುವ ಕಡೆ ಮಾತ್ರ ಸ್ಟ್ರೀಮ್‌ಗೆ, ಅಂದರೆ ಒಬ್ಬೊಬ್ಬರಿಗೆ ಹೋಗುವ ಆ ಒಂದೊಂದು ಪ್ರತಿಗೆ, ‘ಹರಿವು’ ಅಂತ ಬಳಸಿದ್ದೇನೆ. ಎಣಿಸಲು ಅದು ಅನುಕೂಲ.

ಎಣಿಕೆಯ ಮಾತು ಬಂತಲ್ಲ, ಸುದ್ದಿಗಳಲ್ಲಿ ಒಂದು ಎಡವಟ್ಟು ಪದೇ ಪದೇ ಆಗುತ್ತದೆ. 2012ರ ಅಕ್ಟೋಬರ್ 14ರಂದು ಪ್ಯಾರಾಚೂಟ್ ಸಾಹಸಿ ಫೆಲಿಕ್ಸ್ ಬೌಮ್‌ಗಾರ್ಟ್ನರ್ ವಾಯುಮಂಡಲದ ಸ್ಟ್ರಾಟೋಸ್ಫಿಯರ್ ಪದರದಿಂದ ಜಿಗಿದಾಗ ಯೂಟ್ಯೂಬ್‌ನಲ್ಲಿ 80 ಲಕ್ಷ ಹರಿವು ಒಂದೇ ಹೊತ್ತಿಗೆ ಓಡುತ್ತಿದ್ದವು. 2023ರ ವಿಶ್ವಕಪ್ ಕ್ರಿಕೆಟ್ ಫೈನಲ್‌ಗೆ ಹಾಟ್‌ಸ್ಟಾರ್‌ನಲ್ಲಿ ಈ ಸಂಖ್ಯೆ 5.9 ಕೋಟಿ ಮುಟ್ಟಿತು. ಇಂಥದ್ದನ್ನು ‘ಇಷ್ಟು ಮಂದಿ ವೀಕ್ಷಿಸಿದರು’ ಅಂತ ಬರೆದುಬಿಡುತ್ತಾರೆ. ಅದು ತಪ್ಪು. ನಡುವೆ ಬಂದು ಹೋದವರೆಲ್ಲ ಸೇರಿದರೆ ಒಟ್ಟು ಮಂದಿ ಇನ್ನೂ ಜಾಸ್ತಿ. ಜಾಲಕ್ಕೆ ಆ ಒಟ್ಟು ಮುಖ್ಯವೇ ಅಲ್ಲ, ತುತ್ತತುದಿಯ ಆ ಒಂದು ಕ್ಷಣ ಮುಖ್ಯ. ‘ಏಕಕಾಲಿಕ ವೀಕ್ಷಕರು’ ಸರಿಯಾದ ಪದವೇ, ಆದರೆ ನಾಲಿಗೆಗೆ ಭಾರ. ‘ಒಂದೇ ಹೊತ್ತಿಗೆ ನೋಡುತ್ತಿದ್ದವರು’ ಸಾಕಲ್ವಾ?

ಇನ್ನು ಬ್ಯಾಂಡ್‌ವಿಡ್ತ್, ಅಂದರೆ ಜಾಲದಲ್ಲಿ ಸೆಕೆಂಡಿಗೆ ಎಷ್ಟು ಬಿಟ್ ಸಾಗಬಹುದು ಅನ್ನುವುದು. ಮಾತಿಗೆ ಮಾತು ಇಟ್ಟರೆ ‘ಪಟ್ಟಿಯಗಲ’ ಆಗುತ್ತದೆ. ಅದು ಹರ್ಟ್ಸ್‌ನಲ್ಲಿ ಅಳೆಯುವ ತರಂಗಪಟ್ಟಿಗೆ ಹೊಂದುತ್ತದೆಯೇ ಹೊರತು ಸೆಕೆಂಡಿಗೆ ಎಷ್ಟು ಬಿಟ್ ಅನ್ನುವುದಕ್ಕಲ್ಲ. ಈ ಎರಡನೆಯ ಅರ್ಥಕ್ಕೆ ‘ಸಾಗಣೆ ಸಾಮರ್ಥ್ಯ’ ಒಪ್ಪುತ್ತದೆ. ಬರೀ ‘ಸಾಮರ್ಥ್ಯ’ ಅಂದರೆ ಯಾವ ಸಾಮರ್ಥ್ಯ ಅನ್ನುವ ಪ್ರಶ್ನೆ ಉಳಿಯುತ್ತದೆ. ‘ವೇಗ’ ಅನ್ನುವುದಂತೂ ಬೇಡವೇ ಬೇಡ. ಹತ್ತು ಸಾಲಿನ ರಸ್ತೆಯಲ್ಲಿ ಹೆಚ್ಚು ಗಾಡಿ ಹೋಗುತ್ತವೆ, ಒಂದೊಂದು ಗಾಡಿಯೂ ಹೆಚ್ಚು ಜೋರಾಗಿ ಓಡಬೇಕಾಗಿಲ್ಲ.

ಟ್ರಾಫಿಕ್‌ಗೆಲ್ಲ ‘ದಟ್ಟಣೆ’ ಅನ್ನುವುದು ಇನ್ನೊಂದು ಕಿರಿಕಿರಿ. ‘ಇಂಟರ್ನೆಟ್ ದಟ್ಟಣೆ ಹೆಚ್ಚಿತು’ ಅಂತ ಓದಿದರೆ ಜಾಲ ಬಳಸುವವರು ಹೆಚ್ಚಾದರೋ, ಜಾಲ ಕಟ್ಟಿಕೊಂಡಿತೋ ಗೊತ್ತಾಗುವುದಿಲ್ಲ. ಹರಿದಾಡುವ ಮೊತ್ತಕ್ಕೆ ‘ಸಂಚಾರ’ ಅನ್ನೋಣ. ಅದು ಸಾಮರ್ಥ್ಯ ಮೀರಿ ಕಟ್ಟಿಕೊಂಡರೆ ಮಾತ್ರ ‘ದಟ್ಟಣೆ’.

ಈಗ ಬಫರಿಂಗ್. ಬಫರ್ ಅಂದರೆ ಮುಂದೆ ತೋರಿಸಬೇಕಾದದ್ದನ್ನು ಸ್ವಲ್ಪ ಮೊದಲೇ ತಂದಿಟ್ಟುಕೊಳ್ಳುವ ಜಾಗ. ವಿಡಿಯೋ ಒಂದೇ ಎಳೆಯಾಗಿ ಬರುವುದಿಲ್ಲ. ಕೆಲವು ಸೆಕೆಂಡಿನ ತುಣುಕುಗಳಾಗಿ ಬರುತ್ತದೆ. ಆಪಲ್ 2009ರಲ್ಲಿ ತಂದ ಎಚ್‌ಎಲ್‌ಎಸ್ ಪದ್ಧತಿಯಲ್ಲಿ ಈಗ ಸಾಮಾನ್ಯವಾಗಿ 6 ಸೆಕೆಂಡಿನ ತುಣುಕು. ಪ್ಲೇಯರ್ ಇಂಥ ಕೆಲವನ್ನು ಕೈಯಲ್ಲಿಟ್ಟುಕೊಂಡೇ ತೋರಿಸಲು ಶುರು ಮಾಡುತ್ತದೆ. ‘ನೇರ’ ಅಂದುಕೊಂಡು ನಾವು ನೋಡುವ ಗೋಲು ಎಷ್ಟೋ ಸೆಕೆಂಡು ಹಳೆಯದಾಗಿರುವುದು ಅದಕ್ಕೇ.

ಸಿನಿಮಾ ಆದರೆ ಪ್ಲೇಯರ್ ಬೇಕಾದಷ್ಟು ಮುಂಚೆಯೇ ತಂದಿಟ್ಟುಕೊಳ್ಳಬಹುದು. ಜಾಲ ಸ್ವಲ್ಪ ಹೊತ್ತು ಕೈಕೊಟ್ಟರೂ ನಮಗೆ ತಿಳಿಯುವುದಿಲ್ಲ. ನೇರಪ್ರಸಾರದಲ್ಲಿ ಅದು ಆಗದ ಮಾತು. ಮುಂದಿನದು ಇನ್ನೂ ನಡೆದೇ ಇಲ್ಲ! ಹಾಗಾಗಿ ಕೈಯಲ್ಲಿರುವ ದಾಸ್ತಾನು ತುಂಬಾ ಸಣ್ಣದು. ಒಂದೆರಡು ತುಣುಕು ತಡವಾದರೆ ಸಾಕು, ಬರಿದಾಗಿ ಚಿತ್ರ ನಿಲ್ಲುತ್ತದೆ. ಆ ಮೇಲೆ ಮತ್ತೆ ತುಂಬಿಕೊಳ್ಳುವವರೆಗೆ ಚಕ್ರ ತಿರುಗುತ್ತದೆ.

ನೋಡಿ, ಬಫರ್ ಇರುವುದು ಚಿತ್ರ ನಿಲ್ಲದಿರಲಿ ಅಂತ. ಅದು ಮದ್ದು. ಜನ ಬಫರಿಂಗ್ ಅನ್ನುವುದು ರೋಗಕ್ಕೆ. ಇಂಗ್ಲಿಷ್‌ನಲ್ಲೂ ಹೀಗೇ ತಿರುಗುಮುರುಗಾಗಿದೆ. ಆದ್ದರಿಂದ ‘ಮುನ್‌ಕೂಡಿಕೆ’, ‘ತುಂಬಿಕೆ’ ಅಂತ ಬಫರಿಂಗ್‌ನ ಹುಟ್ಟಿನ ಅರ್ಥ ಹಿಡಿದು ಪದ ಕಟ್ಟಿದರೆ, ‘ಪಂದ್ಯದ ಉದ್ದಕ್ಕೂ ತುಂಬಿಕೆ’ ಅಂದಾಗ ಓದುಗರು ಖುಷಿಪಡಬೇಕೋ ಬೈಯಬೇಕೋ ತಿಳಿಯದೆ ಕೂರುತ್ತಾರೆ.

ಆಡುಮಾತಿನಲ್ಲಿ ‘ಸುತ್ತುತ್ತಾ ಇದೆ’, ‘ಸ್ಟ್ರಕ್ ಆಗಿದೆ’, ‘ನಿಂತು ನಿಂತು ಬರ್ತಿದೆ’ ಎಲ್ಲ ಇವೆ. ಮೂರನೆಯದು ಅಚ್ಚುಕಟ್ಟಾಗಿದೆ, ಆದರೆ ಅದನ್ನು ನಾಮಪದ ಮಾಡಲು ಹೋದರೆ ಕೆಡುತ್ತದೆ. ‘ಅಡಚಣೆ’ ಅಂದರೆ ಹೊರಗಿನಿಂದ ಏನೋ ಅಡ್ಡ ಬಂದ ಹಾಗಿದೆ. ‘ಸ್ಥಗಿತ’ ಅಂದರೆ ಪೂರ್ತಿ ನಿಂತೇಹೋಯಿತು. ನನಗೆ ಹಿಡಿಸಿದ್ದು ‘ತಡವರಿಸು’. ಮಾತಾಡುವವರು ತಡವರಿಸಿದರೆ ಮಾತು ನಿಂತಿರುವುದಿಲ್ಲ, ಸರಾಗವಾಗಿಯೂ ಇರುವುದಿಲ್ಲ. ತಡೆ, ಮತ್ತೆ ಓಟ, ಮತ್ತೆ ತಡೆ. ವಿಡಿಯೋ ಮಾಡುವುದೂ ಅದನ್ನೇ.

ಮನುಷ್ಯರ ಪದ ಯಂತ್ರಕ್ಕೆ ಹೇಗೆ ಅಂತ ಕೆಲವರು ಕೇಳಬಹುದು. ಗಡಿಯಾರ ನಡೆಯುತ್ತದೆ, ಮೋಟಾರು ಕೈಕೊಡುತ್ತದೆ. ವಿಡಿಯೋ ತಡವರಿಸಲು ಯಾರ ಅಪ್ಪಣೆ ಬೇಕು!

ಈ ಪದ ಇನ್ನೊಂದು ಕಡೆಯೂ ಕೆಲಸಕ್ಕೆ ಬರುತ್ತದೆ. 2024ರ ನವೆಂಬರ್ 15ರ ಮೈಕ್ ಟೈಸನ್–ಜೇಕ್ ಪಾಲ್ ಬಾಕ್ಸಿಂಗ್ ಪಂದ್ಯಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ ಒಂದೇ ಹೊತ್ತಿಗೆ 6.5 ಕೋಟಿ ಹರಿವು ಇದ್ದವು ಅಂತ ಕಂಪನಿಯೇ ಹೇಳಿತು. ತುಂಬಾ ಜನರಿಗೆ ಚಿತ್ರ ನಿಂತು ನಿಂತು ಬಂತು, ಮಸುಕಾಗಿಯೂ ಬಂತು. ಇದನ್ನು ‘ಕುಸಿಯಿತು’ ಅನ್ನುವುದು ಸರಿಯೇ? ಸೇವೆ ಕುಸಿದಿದ್ದರೆ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಅದು ತಡವರಿಸಿತು, ಬಿದ್ದಿರಲಿಲ್ಲ. ಹೊರೆ ಬಿತ್ತು, ತಡವರಿಸಿತು, ಕುಸಿಯಿತು ಅಂತ ಮೂರು ಹಂತ ಇಟ್ಟುಕೊಂಡರೆ ವರದಿಗೆ ಎಷ್ಟೋ ಖಚಿತತೆ ಬರುತ್ತದೆ.

ಮಸುಕಾಗುವುದು ಇನ್ನೂ ಬೇರೆ. ಜಾಲ ಬಿಗಿಯಾದಾಗ ಪ್ಲೇಯರ್ ತಾನಾಗಿಯೇ ಕಡಿಮೆ ಬಿಟ್‌ನ ತುಣುಕು ಕೇಳುತ್ತದೆ, ಚಿತ್ರ ನಿಲ್ಲುವುದಕ್ಕಿಂತ ಮಂಕಾಗಿ ಬಂದರೂ ವಾಸಿ ಅಂತ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಶುರುವಾದಾಗ ನೆಟ್‌ಫ್ಲಿಕ್ಸ್ ಕಂಪನಿ ಯುರೋಪಿನಲ್ಲಿ ಬಿಟ್‌ರೇಟನ್ನು (ಸೆಕೆಂಡಿಗೆ ಕಳಿಸುವ ಬಿಟ್‌ಗಳ ಮೊತ್ತವನ್ನು) ಇಳಿಸಿತ್ತು. ಇದಕ್ಕೆ ಹೊಸ ಪದ ಬೇಕಿಲ್ಲ. ‘ಗುಣಮಟ್ಟ ಇಳಿಸು’ ಸಾಕು.

ಈಗ ನನ್ನ ಪ್ರಶ್ನೆಗಳು. ‘ತಡವರಿಸು’ ನಿಮ್ಮ ಕಡೆ ಮಾತು, ನಡಿಗೆ ಬಿಟ್ಟು ಬೇರೆ ಯಾವುದಕ್ಕಾದರೂ ಬಳಕೆಯಲ್ಲಿದೆಯೇ? ನಾಮಪದವಾಗಿ ‘ತಡವರಿಕೆ’ ಕಿವಿಗೆ ಹೇಗಿದೆ? ಲೇಖನದಲ್ಲಿ ಸದ್ಯಕ್ಕೆ ಬರೆದಿರುವ ಸಾಲು ಹೀಗಿದೆ: ‘ಸಂಚಾರ ಸಾಗಣೆ ಸಾಮರ್ಥ್ಯವನ್ನು ಮುಟ್ಟುತ್ತಿದ್ದಂತೆ ನೇರಪ್ರಸಾರ ತಡವರಿಸತೊಡಗಿತು.’ ಇದನ್ನು ಬಫರಿಂಗ್ ಅನ್ನುವ ಪದದ ನೆರವಿಲ್ಲದೆ ಓದಿದರೂ ಅರ್ಥವಾಗುತ್ತದೆಯೇ, ಅಥವಾ ಮೊದಲ ಸಲ ಬಂದಾಗ ಜೊತೆಗೆ ‘ಅಂದರೆ ಬಫರಿಂಗ್’ ಅಂತ ಸೇರಿಸಬೇಕೇ?