ರಜೆಯ ನಡುವೆ ಆರು ದಿನ ಪ್ರವಾಸ: ಮೊಳಕೆ ಪ್ರಾಜೆಕ್ಟ್ ಕೈತಪ್ಪದಂತೆ ಮಾಡುವುದು ಹೇಗೆ?

ಪುಟಾಣಿಮನೆ (ಪ್ರಶ್ನೆ)

ಮೂರನೇ ತರಗತಿಯ ಮಗಳಿಗೆ ರಜೆಯಲ್ಲಿ ಮಾಡಲು ಹೆಸರುಕಾಳಿನ ಮೊಳಕೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಕಾಳು ಬಿತ್ತಿ, ದಿನಾ ಎತ್ತರ ಅಳೆದು, 14 ದಿನದ ಕೋಷ್ಟಕ ಬರೆದು, ಗ್ರಾಫ್ ಸಮೇತ ಚಾರ್ಟ್ ಮಾಡಬೇಕು. ತೊಂದರೆ ಇರುವುದು ದಿನಗಳ ಲೆಕ್ಕದಲ್ಲಿ. ರಜೆ ಒಟ್ಟು 20 ದಿನ. 1ರಿಂದ 7ನೇ ದಿನದವರೆಗೆ ಮನೆ, 8ರಿಂದ 13 ಪ್ರವಾಸ, 14ರಿಂದ 20 ಮತ್ತೆ ಮನೆ. ಸತತವಾಗಿ 14 ದಿನ ಎಲ್ಲೂ ಸಿಗುವುದಿಲ್ಲ.

ಕುಂಡವನ್ನು ಕಾರಿನಲ್ಲಿ ಜೊತೆಗೇ ಒಯ್ದರೆ ಆಗುತ್ತದೆಯೇ? ಬಿಟ್ಟು ಹೋದರೆ ಆರು ದಿನ ನೀರಿಗೆ ಏನು ಮಾಡಬೇಕು? ಅಳತೆ ಇಲ್ಲದ ಆರು ದಿನಗಳ ಮುಂದೆ ಏನು ಬರೆಸಬೇಕು? ಅಂದಾಜಿನ ಅಂಕಿ ತುಂಬಿಸಿದರಾಯಿತು ಎನ್ನುತ್ತಿದ್ದಾರೆ ಮನೆಯಲ್ಲಿ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ಗಿಡ ನೋಡಿಕೊಳ್ಳಲು ಅಕ್ಕಪಕ್ಕದಲ್ಲಿ ಯಾರೂ ಇರುವುದಿಲ್ಲ.

ಚಿಗುರು

ಒಂದು ಸಲ ಬಿತ್ತಿದರೆ ಸಾಲದು, ಎರಡು ಸಲ ಬಿತ್ತಿ. ನಿಮ್ಮ ದಿನಗಳಿಗೆ ಇದು ಚೆನ್ನಾಗಿ ಹೊಂದುತ್ತದೆ.

ಕೋಷ್ಟಕದಲ್ಲಿ ತಾರೀಖಿನ ಬದಲು ಗಿಡದ ವಯಸ್ಸು ಬರೆಸಿ. ಕಾಳು ನೆನೆಸಿದ ದಿನ ವಯಸ್ಸು 0. ಮೊದಲ ಕಂತನ್ನು ರಜೆಯ 1ನೇ ದಿನ ಬೆಳಿಗ್ಗೆ ನೆನೆಸಿ, ಸಂಜೆ ಬಿತ್ತಿ. 7ನೇ ದಿನಕ್ಕೆ ಅದರ ವಯಸ್ಸು 6. ಅದೇ 7ನೇ ದಿನ ಬೆಳಿಗ್ಗೆ ಎರಡನೇ ಕಂತು ನೆನೆಸಿ, ಸಂಜೆ ಬಿತ್ತಿ, ಮರುದಿನ ಹೊರಡಿ. 14ನೇ ದಿನ ನೋಡುವಾಗ ಎರಡನೇ ಕಂತಿಗೆ ವಯಸ್ಸು 7, 20ನೇ ದಿನಕ್ಕೆ 13. ಅಂದರೆ 0ರಿಂದ 6ರವರೆಗಿನ ಅಳತೆ ಮೊದಲ ಕಂತಿನಿಂದ, 7ರಿಂದ 13ರವರೆಗಿನದು ಎರಡನೆಯದರಿಂದ. 14 ವಯಸ್ಸಿಗೂ ನಿಜವಾದ ಅಳತೆ ಸಿಕ್ಕಿತು, ಒಂದನ್ನೂ ಊಹಿಸಬೇಕಾಗಿಲ್ಲ.

ಮೊದಲ ಕಂತನ್ನು ಎಸೆಯಬೇಡಿ. 14ನೇ ದಿನ ಅದರ ವಯಸ್ಸು 13. ಆ ದಿನದ ಅದರ ಎತ್ತರವನ್ನು, 20ನೇ ದಿನ ಎರಡನೇ ಕಂತು 13ರ ವಯಸ್ಸು ಮುಟ್ಟಿದಾಗಿನ ಎತ್ತರದ ಪಕ್ಕದಲ್ಲಿ ಬರೆಯಿರಿ. ಎರಡೂ ಹತ್ತಿರ ಹತ್ತಿರ ಇದ್ದರೆ ಎರಡು ಕಂತುಗಳನ್ನು ಒಂದೇ ಕೋಷ್ಟಕದಲ್ಲಿ ಸೇರಿಸಿದ್ದು ಸರಿ ಎಂದಾಯಿತು. ತುಂಬ ಬೇರೆ ಬಂದರೆ ಅದನ್ನೂ ಚಾರ್ಟಿನಲ್ಲಿ ಬರೆಯಲಿ. ಮಗುವಿನ ಮಟ್ಟಕ್ಕೆ ಅದೇ ಒಳ್ಳೆಯ ಪ್ರಶ್ನೆ: ಒಂದೇ ಡಬ್ಬಿಯ ಕಾಳು, ಒಂದೇ ಮಣ್ಣು, ಆದರೂ ಯಾಕೆ ಬೇರೆ?

ಈ ಹೋಲಿಕೆ ನಿಲ್ಲಬೇಕಾದರೆ ಎರಡೂ ಕಂತಿಗೆ ಕಾಳು, ಮಣ್ಣು, ಪಾತ್ರೆಯ ಅಳತೆ, ಇಡುವ ಕಿಟಕಿ ಎಲ್ಲವೂ ಒಂದೇ ಇರಬೇಕು. ಪ್ರವಾಸಕ್ಕೆ ಹೊರಡುವಾಗ ಪರದೆ ಎಳೆದುಬಿಡುವುದು ಸಾಮಾನ್ಯ. ಹಾಗೆ ಮಾಡಿದರೆ ಎರಡನೇ ಕಂತು ಬೆಳಕಿಲ್ಲದೆ ಸಣಕಲಾಗಿ, ಹಳದಿಯಾಗಿ, ಉದ್ದುದ್ದ ಬೆಳೆದು ಬಾಗುತ್ತದೆ. ಬೆಳಕು ಹುಡುಕುವ ಕಾಂಡ ಬೇಗ ಉದ್ದವಾಗುತ್ತದೆ, ಆದರೆ ಅದಕ್ಕೆ ಗಟ್ಟಿ ಇರುವುದಿಲ್ಲ. ಎತ್ತರ ಮಾತ್ರ ಅಳೆದರೆ ಕತ್ತಲಲ್ಲಿದ್ದ ಗಿಡವೇ ಚೆನ್ನಾಗಿ ಬೆಳೆಯಿತು ಎಂಬ ತಪ್ಪು ತೀರ್ಮಾನಕ್ಕೆ ಮಗು ಬರುತ್ತದೆ. ಎಲೆಯ ಬಣ್ಣಕ್ಕೂ ಕೋಷ್ಟಕದಲ್ಲಿ ಒಂದು ಕಾಲಂ ಇರಲಿ.

ಗೆಣ್ಣು

ಚಿಗುರು ಹೇಳಿದ ಎರಡು ಕಂತಿನ ಲೆಕ್ಕ ಸರಿಯಾಗಿದೆ. ನಾನು ನೀರಿನ ಬಗ್ಗೆ ಬರೆಯುತ್ತೇನೆ, ಹೆಚ್ಚಿನವರ ಗಿಡ ಹೋಗುವುದು ಅಲ್ಲೇ.

ಎರಡು ಕಂತಿಗೂ ಬತ್ತಿ ಹಾಕಿದ ಬಾಟಲಿ ಮಾಡಿ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ತಳದಿಂದ ಸುಮಾರು 12 ಸೆಂ.ಮೀ. ಎತ್ತರದಲ್ಲಿ ಅಡ್ಡಕ್ಕೆ ಕತ್ತರಿಸಿ. ಮುಚ್ಚಳದಲ್ಲಿ 6ರಿಂದ 8 ಮಿ.ಮೀ. ತೂತು ಮಾಡಿ. ಕತ್ತರಿಸುವುದು, ತೂತು ಮಾಡುವುದು ದೊಡ್ಡವರ ಕೆಲಸ. ಕತ್ತರಿಸಿದ ಅಂಚಿಗೆ ಟೇಪ್ ಸುತ್ತಿದರೆ ಮಗುವಿನ ಕೈ ಕುಯ್ಯುವುದಿಲ್ಲ. ಹಳೆಯ ಹತ್ತಿ ಬನಿಯನ್ನಿನಿಂದ 2 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದದ ಪಟ್ಟಿ ಹರಿದು, ನೀರಲ್ಲಿ ಅದ್ದಿ ಹಿಂಡಿ, ತೂತಿನಲ್ಲಿ ತೂರಿಸಿ. ಮುಚ್ಚಳ ಹಾಕಿದ ಮೇಲಿನ ತುಂಡನ್ನು ತಲೆಕೆಳಗಾಗಿ ಕೆಳಗಿನ ತುಂಡಿನೊಳಗೆ ಕೂರಿಸಿ. ಪಟ್ಟಿಯ ಒಂದು ತುದಿ ಮಣ್ಣಿನೊಳಗೆ 5-6 ಸೆಂ.ಮೀ. ಮೇಲೆದ್ದಿರಬೇಕು, ಇನ್ನೊಂದು ತುದಿ ಕೆಳಗಿನ ನೀರಿನ ತಳ ಮುಟ್ಟಬೇಕು.

ಎರಡು ಪಾಲು ಮಣ್ಣಿಗೆ ಒಂದು ಪಾಲು ಮರಳು ಬೆರೆಸಿ. ಬರೀ ಜೇಡಿಮಣ್ಣಾದರೆ ಒತ್ತಿಕೊಂಡು ಗಾಳಿ ಆಡುವುದಿಲ್ಲ, ಬರೀ ಮರಳಾದರೆ ಮೇಲ್ಪದರ ಬೇಗ ಒಣಗುತ್ತದೆ. ಬಿತ್ತುವ ಮುನ್ನ ಮೇಲಿನಿಂದ ಒಮ್ಮೆ ಮಣ್ಣನ್ನು ಪೂರ್ತಿ ನೆನೆಸಿ. ಒಣಮಣ್ಣಿಗೆ ಬತ್ತಿಯಿಂದ ನೀರು ಹತ್ತುವುದು ಬಹಳ ನಿಧಾನ. ಆಮೇಲೆ ಕೆಳಗೆ ನೀರು ಹಾಕಿ, ಆದರೆ ಮಟ್ಟ ಮುಚ್ಚಳಕ್ಕೆ ತಾಗಬಾರದು. ತಾಗಿದರೆ ಮಣ್ಣು ಸದಾ ಕೆಸರಾಗಿದ್ದು ಬೇರು ಕೊಳೆಯುತ್ತದೆ.

ಬತ್ತಿಯ ವಿಷಯದಲ್ಲಿ ಜನ ಎಡವುವುದು ಎರಡು ಕಡೆ. ಒಂದು, ನೈಲಾನ್ ಅಥವಾ ಪಾಲಿಯೆಸ್ಟರ್ ದಾರ ಹಾಕುವುದು. ಅಂಥ ಎಷ್ಟೋ ದಾರಗಳು ನೀರನ್ನು ಸರಿಯಾಗಿ ಮೇಲೆತ್ತುವುದಿಲ್ಲ. ಅನುಮಾನವಿದ್ದರೆ ಒಣಪಟ್ಟಿಯ ತುದಿಯನ್ನು ಹತ್ತು ನಿಮಿಷ ನೀರಲ್ಲಿ ಇಳಿಬಿಟ್ಟು ನೋಡಿ, ಒದ್ದೆ ಮೇಲಕ್ಕೆ ಏರಿದ್ದು ಕಣ್ಣಿಗೆ ಕಾಣಬೇಕು. ಎರಡು, ನೀರಿನ ಲೋಟವನ್ನು ಸ್ಟೂಲಿನ ಮೇಲಿಟ್ಟು ಕೆಳಗಿರುವ ಕುಂಡಕ್ಕೆ ಬಟ್ಟೆ ಎಳೆಯುವುದು. ನೀರಿನ ಮಟ್ಟ ಕುಂಡಕ್ಕಿಂತ ಮೇಲಿದ್ದರೆ ಬಟ್ಟೆಯ ಮೂಲಕ ನೀರು ಬಿಡದೆ ಇಳಿಯುತ್ತದೆ. ಲೋಟ ಬೇಗ ಖಾಲಿ, ಕುಂಡದಲ್ಲಿ ಕೆರೆ. ನೀರು ಯಾವಾಗಲೂ ಮಣ್ಣಿಗಿಂತ ಕೆಳಗಿರಲಿ.

ಮೊದಲ ಕಂತನ್ನು ಮೊದಲ ದಿನದಿಂದಲೇ ಈ ಬಾಟಲಿಯಲ್ಲಿ ಬೆಳೆಸಲು ಇನ್ನೊಂದು ಕಾರಣವಿದೆ. ದಿನಾ ಬೆಳಿಗ್ಗೆ ನೀರಿನ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಹಾಕಿಸಿ. ಗೆರೆಗಳ ಅಂತರ ನೋಡಿದರೆ ನಿಮ್ಮ ಮನೆಯ ಬಿಸಿಲು, ಗಾಳಿಗೆ ದಿನಕ್ಕೆ ಎಷ್ಟು ನೀರು ಹೋಗುತ್ತದೆ ಎಂದು ಹೊರಡುವ ಮೊದಲೇ ಗೊತ್ತಾಗುತ್ತದೆ. ಗಿಡ ದೊಡ್ಡದಾದಂತೆ ಹೆಚ್ಚು ಕುಡಿಯುತ್ತದೆ, ಆದ್ದರಿಂದ ಆರು ದಿನಕ್ಕೆ ಬೇಕಾಗುವುದರ ಒಂದೂವರೆ ಪಟ್ಟು ಹಿಡಿಸುವಂತಿರಬೇಕು. ಹಿಡಿಸದಿದ್ದರೆ ಕೆಳಗಿನ ತುಂಡಿಗೆ ಅಗಲವಾದ ಡಬ್ಬಿ ಬಳಸಿ. ನೀರಿರುವ ಭಾಗದ ಸುತ್ತ ಕಾಗದ ಸುತ್ತಿಡಿ, ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ.

ದಾರಿಬುತ್ತಿ

ಪ್ರವಾಸದಲ್ಲೂ ಮಗುವಿಗೆ ನೋಡಲು ಏನಾದರೂ ಇರಲಿ ಎನ್ನಿಸಿದರೆ ಕುಂಡ ಬೇಡ, ಜಿಪ್ ಚೀಲ ಒಯ್ಯಿರಿ. ಟಿಶ್ಯೂ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಒದ್ದೆ ಮಾಡಿ, ಹಿಂಡಿದರೆ ಹನಿ ಬೀಳದಷ್ಟು ಮಾತ್ರ ತೇವ ಉಳಿಸಿ. ನೆನೆದ ಐದಾರು ಕಾಳುಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟು, ಜಿಪ್‌ನ ಒಂದು ಮೂಲೆಯನ್ನು ಎರಡು ಬೆರಳಿನಷ್ಟು ತೆರೆದೇ ಬಿಡಿ. ಕಾಳೂ ಉಸಿರಾಡುತ್ತದೆ, ಪೂರ್ತಿ ಮುಚ್ಚಿದರೆ ಹುಳಿವಾಸನೆ ಬಂದು ಕೊಳೆಯುತ್ತದೆ. ಚೀಲವನ್ನು ಗಟ್ಟಿ ಡಬ್ಬಿಯಲ್ಲಿಟ್ಟರೆ ಸಾಮಾನಿನ ಅಡಿ ಜಜ್ಜಿಹೋಗುವುದಿಲ್ಲ.

ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಡಬೇಡಿ. ಒಳಗಿನ ಬಿಸಿ 50 ಡಿಗ್ರಿ ದಾಟಬಹುದು, ಮೊಳಕೆ ಬೆಂದುಹೋಗುತ್ತದೆ. ಬೇರೆ ದೇಶಕ್ಕೆ ಹೋಗುವುದಾದರೆ ಚೀಲವೂ ಬೇಡ, ಮಣ್ಣು, ಬೀಜ, ಸಸಿ ತರುವುದಕ್ಕೆ ಅನೇಕ ದೇಶಗಳಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿದೆ.

ಈ ಚೀಲದ ಅಂಕಿಗಳನ್ನು ಮುಖ್ಯ ಕೋಷ್ಟಕಕ್ಕೆ ಸೇರಿಸಬೇಡಿ. ಮಣ್ಣಿಲ್ಲ, ಬೆಳಕು ಬೇರೆ, ಬಿಸಿ ಬೇರೆ. ಬೇರಿನ ಚಿತ್ರ ಬಿಡಿಸಲು ಇದು ಸಾಕು.

ಸೀಮೆಸುಣ್ಣ

ಶಾಲೆಯ ಕಡೆಯಿಂದ ನೋಡುವವರಿಗೆ ಮುಖ್ಯವಾದ ಎರಡು ಮಾತು.

ಅಂದಾಜಿನ ಅಂಕಿ ಖಂಡಿತ ಬೇಡ. ದಿನಕ್ಕೆ ಸರಿಯಾಗಿ ಒಂದೊಂದು ಸೆಂಟಿಮೀಟರ್ ಏರುವ ಕೋಷ್ಟಕ ಕಂಡ ತಕ್ಷಣ ಅದು ತುಂಬಿಸಿದ್ದು ಎಂದು ಗೊತ್ತಾಗುತ್ತದೆ. ಗಿಡ ಹಾಗೆ ಬೆಳೆಯುವುದಿಲ್ಲ. ಮೊದಲೆರಡು ದಿನ ಮಣ್ಣಿನ ಮೇಲೆ ಏನೂ ಕಾಣುವುದಿಲ್ಲ, ಆಮೇಲೆ ಕಾಂಡ ಕೊಂಡಿಯಂತೆ ಬಾಗಿಕೊಂಡು ಹೊರಬರುತ್ತದೆ, ನೆಟ್ಟಗಾದ ಮೇಲೆ ದಿನಕ್ಕೆ ಜಿಗಿಜಿಗಿದು ಏರುತ್ತದೆ, ನಂತರ ವೇಗ ತಗ್ಗುತ್ತದೆ. ಏನೂ ಕಾಣದ ದಿನಕ್ಕೆ 0 ಎಂದು ಬರೆಯಬೇಕು. ನೋಡದ ದಿನಕ್ಕೆ ಖಾಲಿ ಬಿಟ್ಟು "ಅಳೆದಿಲ್ಲ" ಎನ್ನಬೇಕು. ಸೊನ್ನೆ ಬೇರೆ, ಖಾಲಿ ಬೇರೆ ಎನ್ನುವುದು ಈ ವಯಸ್ಸಿನಲ್ಲೇ ಕೈಗೆ ಬರಲಿ. ಮೊದಲ ಕಂತಿನ ಸಾಲಿನಲ್ಲಿ 7ರಿಂದ 12ರವರೆಗಿನ ಆರು ಮನೆಗಳು ಹಾಗೇ ಖಾಲಿ ಇರಲಿ.

ಇನ್ನು ಅಳೆಯುವುದು. ಸ್ಕೇಲನ್ನು ನೇರ ಮಣ್ಣಿಗೆ ಊರಿದರೆ ತಪ್ಪುತ್ತದೆ. ಅನೇಕ ಸ್ಕೇಲುಗಳಲ್ಲಿ ತುದಿಗೂ ಸೊನ್ನೆಯ ಗೆರೆಗೂ ನಡುವೆ ಕೆಲವು ಮಿಲಿಮೀಟರ್ ಜಾಗವಿರುತ್ತದೆ, ಮಣ್ಣಿನೊಳಗೆ ಸ್ಕೇಲ್ ಇಳಿಯುವುದೂ ಉಂಟು. ಬದಲಿಗೆ 1 ಸೆಂ.ಮೀ. ಅಗಲದ ದಪ್ಪ ಕಾಗದದ ಪಟ್ಟಿಯನ್ನು ಗಿಡದ ಪಕ್ಕ ನಿಲ್ಲಿಸಿ, ಚಿಗುರಿನ ತುದಿಗೆ ಪೆನ್ಸಿಲ್ ಗೆರೆ ಹಾಕಿ, ಅಲ್ಲಿಗೇ ಕತ್ತರಿಸಲಿ. ಆಮೇಲೆ ಮೇಜಿನ ಮೇಲೆ ನಿಧಾನವಾಗಿ ಅಳೆದು ಮಿಲಿಮೀಟರ್‌ನಲ್ಲಿ ಬರೆಯಲಿ. ಕೊಂಡಿಯಾಗಿ ಬಾಗಿರುವ ದಿನ ಕೊಂಡಿಯ ನೆತ್ತಿಯವರೆಗೆ ಅಳೆದರೆ ಸಾಕು. ಮುಂದೆ ಕಿಟಕಿಯ ಕಡೆ ವಾಲಿದ ಗಿಡವಾದರೆ ಕಾಂಡದ ಗುಂಟ ದಾರ ಹಿಡಿದು, ಆ ದಾರದ ಉದ್ದಕ್ಕೆ ಪಟ್ಟಿ ಕತ್ತರಿಸಲಿ. ಮನೆಯಲ್ಲಿರುವಾಗ ದಿನಕ್ಕೊಮ್ಮೆ ಬಾಟಲಿಯನ್ನು ಅರ್ಧ ಸುತ್ತು ತಿರುಗಿಸುತ್ತಿದ್ದರೆ ವಾಲುವುದೂ ಕಡಿಮೆ.

ಐದು ಗಿಡ ಇದ್ದರೆ ಯಾವುದನ್ನು ಬರೆಯುವುದು? ಮೂರನೇ ತರಗತಿಗೆ ಸರಾಸರಿ ಭಾರವಾಗುತ್ತದೆ. ಐದೂ ಗಿಡದ ಪಟ್ಟಿ ಕತ್ತರಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ನಡುವಿನದನ್ನು, ಅಂದರೆ ಮೂರನೆಯದನ್ನು ತೆಗೆದುಕೊಳ್ಳಿ. ಒಂದು ಗಿಡ ಕುಂಟಿದರೂ ಲೆಕ್ಕ ಕೆಡುವುದಿಲ್ಲ. ಆ ನಡುವಿನ ಪಟ್ಟಿಗಳನ್ನೇ 0ರಿಂದ 13ರವರೆಗೆ ಸಾಲಾಗಿ ಚಾರ್ಟಿಗೆ ಅಂಟಿಸಿದರೆ ನಿಜವಾದ ಎತ್ತರದ ಸ್ತಂಭ ಗ್ರಾಫ್ ತಯಾರು. ಮೊದಲ ಕಂತಿಗೆ ಒಂದು ಬಣ್ಣದ ಕಾಗದ, ಎರಡನೆಯದಕ್ಕೆ ಇನ್ನೊಂದು. ಪಟ್ಟಿಯ ಹಿಂದೆ ವಯಸ್ಸು, ಕಂತು ಎರಡನ್ನೂ ಆಗಲೇ ಬರೆದಿಡಿ, ಇಲ್ಲದಿದ್ದರೆ ಅಂಟಿಸುವ ಹೊತ್ತಿಗೆ ಯಾವುದು ಯಾವ ದಿನದ್ದು ಎಂದು ತಿಳಿಯುವುದಿಲ್ಲ.

ಕೈಬರಹ ಮಗುವಿನದ್ದೇ ಇರಲಿ. ಅಕ್ಷರ ಸೊಟ್ಟಗಿದ್ದರೆ ಇರಲಿ.

ಪುಟಾಣಿಮನೆ

ಎಲ್ಲರಿಗೂ ಧನ್ಯವಾದ. ಎರಡು ಕಂತು, ಬತ್ತಿ ಬಾಟಲಿ, ಕಾಗದದ ಪಟ್ಟಿ, ಮೂರನ್ನೂ ಹಿಡಿದುಕೊಂಡೆ. ಇನ್ನು ಕೆಲವು ಅನುಮಾನ ಉಳಿದಿವೆ. ಹಾಕಿದ ಕಾಳಲ್ಲಿ ಒಂದೆರಡು ಮೊಳೆಯದಿದ್ದರೆ ಮತ್ತೆ ಹಾಕಬಹುದೇ? ಟಿಶ್ಯೂವಿನ ಕಾಳಿನ ಮೇಲೆ ಬಿಳಿ ನವಿರು ಬಂದರೆ ಅದು ಬೂಷ್ಟೇ? ಮೊಳಕೆ ಬಂದ ಮೇಲೆ ಆರು ದಿನ ಫ್ರಿಜ್‌ನಲ್ಲಿಟ್ಟು ಬೆಳವಣಿಗೆ ನಿಲ್ಲಿಸಿ ಎಂದೂ ಒಬ್ಬರು ಹೇಳಿದರು, ಅದು ಆಗುವ ಮಾತೇ?

ಚಿಗುರು

ನಡುವೆ ಹೊಸ ಕಾಳು ಸೇರಿಸಬೇಡಿ, ವಯಸ್ಸಿನ ಲೆಕ್ಕ ಕೆಡುತ್ತದೆ. ಮೊದಲೇ ಹೆಚ್ಚು ನೆನೆಸಿ. ಬೆಳಿಗ್ಗೆ 20 ಕಾಳು ನೆನೆಸಿದರೆ ಸಂಜೆಗೆ, ಅಂದರೆ ಸುಮಾರು 8 ಗಂಟೆಯಲ್ಲಿ, ಬಹುತೇಕ ಉಬ್ಬಿರುತ್ತವೆ. ಕೆಲವು ಕಲ್ಲಿನಂತೆ ಗಟ್ಟಿಯಾಗಿಯೇ ಇರುತ್ತವೆ, ಸಿಪ್ಪೆ ನೀರು ಬಿಟ್ಟುಕೊಂಡಿರುವುದಿಲ್ಲ. ಅವನ್ನೂ ಒಡೆದ ಕಾಳನ್ನೂ ತೆಗೆದುಹಾಕಿ. ಒಡೆದ ಕಾಳಿಗೆ ಬೂಷ್ಟು ಹಿಡಿಯುವುದು ಎಲ್ಲಕ್ಕಿಂತ ಮೊದಲು. ಉಬ್ಬಿದವುಗಳಲ್ಲಿ ಎಂಟನ್ನು 2 ಸೆಂ.ಮೀ. ಆಳಕ್ಕೆ ಬಿತ್ತಿ. ಎಲ್ಲವೂ ಮೇಲೆದ್ದರೆ ಐದನ್ನು ಉಳಿಸಿ ಮಿಕ್ಕವನ್ನು ಬುಡದಲ್ಲಿ ಕತ್ತರಿಸಿ. ಕಿತ್ತರೆ ಪಕ್ಕದ ಗಿಡದ ಬೇರು ಅಲುಗುತ್ತದೆ. ಎರಡನೇ ಕಂತಿನಲ್ಲಿ ಈ ಕೆಲಸ ವಾಪಸ್ ಬಂದ ಮೇಲೆ.

ಬಿಳಿ ನವಿರಿನ ಪರೀಕ್ಷೆ ಸುಲಭ. ಬೇರಿನ ತುದಿಯಿಂದ ಸ್ವಲ್ಪ ಹಿಂದೆ, ಸುತ್ತಲೂ ಒಂದೇ ಸಮನಾಗಿ ಮಖಮಲ್ಲಿನಂತೆ ಇದ್ದರೆ ಅದು ಬೇರಿನ ರೋಮ, ನೀರು ಹೀರುವ ಭಾಗ. ನೀರು ಚಿಮುಕಿಸಿದರೆ ಬೇರಿಗೆ ಅಂಟಿಕೊಂಡು ಕಣ್ಣಿಗೆ ಕಾಣದಂತಾಗುತ್ತದೆ. ಬೂಷ್ಟಾದರೆ ಸಿಪ್ಪೆ, ಟಿಶ್ಯೂ ಎಲ್ಲದರ ಮೇಲೂ ಅಡ್ಡಾದಿಡ್ಡಿ ಜೇಡರಬಲೆಯಂತೆ ಹರಡಿರುತ್ತದೆ, ಮುಗ್ಗಲು ವಾಸನೆ ಇರುತ್ತದೆ. ಆ ಕಾಳನ್ನು ತೆಗೆದು ಟಿಶ್ಯೂ ಬದಲಿಸಿ, ಮಗುವಿನ ಕೈ ಸೋಪಿನಿಂದ ತೊಳೆಸಿ.

ಫ್ರಿಜ್ ಬೇಡ. ಬೆಳವಣಿಗೆ ಬಹುಮಟ್ಟಿಗೆ ನಿಲ್ಲುವುದು ನಿಜ, ಆದರೆ ಹೆಸರು ಬೆಚ್ಚಗಿನ ಹವೆಯ ಬೆಳೆ, ಚಳಿ ತಗಲಿದ ಮೊಳಕೆ ಹೊರಗೆ ತೆಗೆದ ಮೇಲೆ ಸೊರಗುತ್ತದೆ. ಆಮೇಲಿನ ಎತ್ತರ ಕಾಳಿನ ಗುಣವೋ ಚಳಿಯ ಏಟೋ ಹೇಳಲಾಗುವುದಿಲ್ಲ.

ಮತ್ತೊಂದು ವಿಷಯ, ವಾಪಸ್ ಬಂದ ದಿನ ಮಗು ಗಾಬರಿಯಾಗಬಾರದಲ್ಲ. ಮೊದಲ ಕಂತಿನ ಕಾಂಡದಲ್ಲಿದ್ದ ಎರಡು ಬೀಜದಳಗಳು ಸುಕ್ಕುಗಟ್ಟಿರುತ್ತವೆ ಅಥವಾ ಉದುರಿರುತ್ತವೆ. ಗಿಡ ಸಾಯುತ್ತಿಲ್ಲ, ಅವುಗಳಲ್ಲಿದ್ದ ಆಹಾರ ಮುಗಿದಿದೆ ಅಷ್ಟೇ. ಮೊದಲ ಜೋಡಿ ಎಲೆ ಬಿಡಿ ಎಲೆಗಳು, ಅದರ ಮೇಲೆ ಬರುವವು ಮೂರು ಮೂರು ಕಿರುಎಲೆಗಳದ್ದು. ಈ ವ್ಯತ್ಯಾಸವನ್ನು ಅವಳೇ ಕಂಡುಹಿಡಿಯಲಿ, ಮೊದಲೇ ಹೇಳಬೇಡಿ.

ಗೆಣ್ಣು

ಕತ್ತರಿಸಿ ತೆಗೆದ ಸಸಿಗಳನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಇಟ್ಟು ಮೇಲೆ ಭಾರದ ಪುಸ್ತಕ ಹೇರಿ. ಮೊದಲ ಎರಡು ಮೂರು ದಿನ ಹಾಳೆ ಬದಲಿಸದಿದ್ದರೆ ಕಪ್ಪಾಗುತ್ತವೆ. ವಾರ, ಹತ್ತು ದಿನಕ್ಕೆ ಒಣಗುತ್ತವೆ, ಹಾಗಾಗಿ ಮೊದಲ ಕಂತಿನವನ್ನು ಪ್ರವಾಸಕ್ಕೆ ಮೊದಲೇ ಒತ್ತಿಡಿ. ಚಾರ್ಟಿಗೆ ಅಂಟಿಸುವಾಗ ನೀರಾದ ಅಂಟು ಬೇಡ, ಕಾಂಡದ ಮೇಲೆ ಅಡ್ಡಕ್ಕೆ ಸಣ್ಣ ಟೇಪ್ ತುಂಡು ಸಾಕು. ಗಿಡವನ್ನೂ ಶಾಲೆಗೆ ಒಯ್ಯುವುದಿದ್ದರೆ ಹೊರಡುವ ಮುನ್ನ ಬಾಟಲಿಯ ಕೆಳಗಿನ ನೀರು ಚೆಲ್ಲಿಬಿಡಿ, ಒದ್ದೆ ಮಣ್ಣಿನ ತೇವ ಒಂದು ದಿನಕ್ಕೆ ಧಾರಾಳ.